ಪಾಗೊ ಅಂದರೆ "ಕಟ್ಟಲಾ?" ಅಂತಾನಾ, "ಕಟ್ಟಿದಿರಾ?" ಅಂತಾನಾ? ಸ್ಪ್ಯಾನಿಷ್ ಕ್ರಿಯಾಪದಗಳ ಒತ್ತಿನ ಗೋಳು

ಸಂಜೆ_ಶಿಫ್ಟು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೋ ಗ್ರಾಹಕರ ಫೋನ್ ಕರೆ ತೆಗೆದುಕೊಳ್ಳುವ ಕೆಲಸ ನನ್ನದು. ಎಂಟು ತಿಂಗಳ ಸ್ಪ್ಯಾನಿಷ್ ಕ್ಲಾಸ್ ಮುಗಿಸಿ ಸೇರಿದ್ದೇನೆ. ಓದಲು, ಬರೆಯಲು ಪರವಾಗಿಲ್ಲ. ಬಾಯಿ ತೆರೆದರೆ ಮಾತ್ರ ಎಡವಟ್ಟು.

ಮೊನ್ನೆ ರಾತ್ರಿ ಒಬ್ಬರು ವಯಸ್ಸಾದವರ ಕರೆ ಬಂತು. ನೀವು ಬಿಲ್ ಕಟ್ಟಿದಿರಾ ಅಂತ ಕೇಳಬೇಕಿತ್ತು. ನಾನು "ಪಾಗೊ?" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಜೋರಾಗಿ ನಕ್ಕು "ಸಿ, ಪೊರ್ ಫಾಬೊರ್, ಪಾಗೆ ಉಸ್ತೆದ್" ಅಂದರು. ಹೌದು, ದಯವಿಟ್ಟು ನೀವೇ ಕಟ್ಟಿಬಿಡಿ ಅಂತ! ನಾನು ಕೇಳಿದ್ದು "ನಾನು ಕಟ್ಟಲಾ?" ಅಂತ ಆಗಿತ್ತಂತೆ. ಟೀಮಿನವರು ರೆಕಾರ್ಡಿಂಗ್ ಕೇಳಿ ಇನ್ನೂ ನಗುತ್ತಿದ್ದಾರೆ.

ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: ಅಕ್ಷರದ ಮೇಲೆ ಓರೆ ಗೆರೆ ಇದ್ದರೆ ಅಲ್ಲಿ ಒತ್ತಿ ಹೇಳಿ. ಗೆರೆ ಇಲ್ಲದಿದ್ದರೆ? ಫೋನಿನಲ್ಲಿ ಗೆರೆ ಕಾಣುತ್ತದಾ? ಇದಕ್ಕೆ ಏನಾದರೂ ಲೆಕ್ಕಾಚಾರ ಇದೆಯಾ, ಅಥವಾ ಒಂದೊಂದನ್ನೂ ಉರು ಹೊಡೆಯಬೇಕಾ?

ಕಾಫಿ_ಬೀಜ (ಮಡಿಕೇರಿ)

ಅಕ್ಕ, ಆ ಅಜ್ಜನ ಬಿಲ್ ಎಷ್ಟಿತ್ತು? ಕಟ್ಟಿಬಿಡಬೇಕಿತ್ತು, ಫೈವ್ ಸ್ಟಾರ್ ರೇಟಿಂಗ್ ಬರುತ್ತಿತ್ತು.

ಬಿಸಿಬೇಳೆ (ವಾಲೆನ್ಸಿಯಾ, ಸ್ಪೇನ್)

ಲೆಕ್ಕಾಚಾರ ಇದೆ. ಚೆನ್ನಾಗಿಯೇ ಇದೆ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೆಯೇ ಒದ್ದಾಡಿದ್ದೇನೆ.

ಮೊದಲು ಬರೆಯುವ ರೀತಿ ಒಪ್ಪಿಕೊಳ್ಳೋಣ. ಪದವನ್ನು ಸಿಲಬಲ್‌ಗಳಾಗಿ ಕತ್ತರಿಸಿ ನಡುವೆ ಅಡ್ಡಗೆರೆ ಹಾಕುತ್ತೇನೆ. ಒತ್ತು ಬೀಳುವ ತುಂಡಿಗೆ ಚೌಕ ಆವರಣ. ಬಿ, ವಿ ಎರಡೂ ಅಕ್ಷರಕ್ಕೆ ಬ. ಎಚ್ ಬರೆದರೂ ಉಚ್ಚಾರ ಇಲ್ಲ. ಉಳಿದದ್ದೆಲ್ಲ ಮೆಕ್ಸಿಕೋ ಉಚ್ಚಾರದಲ್ಲೇ ಬರೆಯುತ್ತೇನೆ, ನಿಮಗೆ ಬೇಕಾಗಿರುವುದು ಅದೇ ಅಲ್ವಾ.

ನಾನು ಕಟ್ಟುತ್ತೇನೆ: [ಪಾ]-ಗೊ. ಗೆರೆ ಇಲ್ಲ.
ಅವನು ಕಟ್ಟಿದ, ತಾವು ಕಟ್ಟಿದಿರಿ: ಪಾ-[ಗೊ]. ಕೊನೆಯ ಒ ಮೇಲೆ ಗೆರೆ.

ಈಗ ನಿಯಮ. ಪದ ಸ್ವರದಲ್ಲಿ, ಅಥವಾ ನ್, ಸ್ ನಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ. ಬೇರೆ ಯಾವ ವ್ಯಂಜನದಲ್ಲಿ ಮುಗಿದರೂ ಕೊನೆಯ ತುಂಡಿಗೆ. ಈ ಎರಡನ್ನೂ ಮುರಿಯುವ ಪದಕ್ಕೆ ಮಾತ್ರ ಗೆರೆ. ಗೆರೆಗೆ ಇಲ್ಲಿ ತಿಲ್ದೆ ಅನ್ನುತ್ತಾರೆ.

[ಆ]-ಬ್ಲೊ, [ಆ]-ಬ್ಲಾಸ್, [ಆ]-ಬ್ಲಾನ್: ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾರೆ. ಮೂರಕ್ಕೂ ಗೆರೆ ಬೇಡ. ಆ-[ಬ್ಲಾರ್], ಅಂದರೆ ಮಾತಾಡುವುದು, ರ್ ನಲ್ಲಿ ಮುಗಿಯುತ್ತದೆ. ಹಾಗಾಗಿ ಒತ್ತು ಕೊನೆಗೆ, ಗೆರೆ ಬೇಡ. ಆ-[ಬ್ಲೊ], ಅವನು ಮಾತಾಡಿದ, ನಿಯಮ ಮುರಿಯುತ್ತದೆ. ಅದಕ್ಕೆ ಗೆರೆ.

ನ್, ಸ್ ಗೆ ಮಾತ್ರ ಯಾಕೆ ಈ ರಿಯಾಯಿತಿ ಅಂತ ಯಾರೂ ಕೇಳುವುದಿಲ್ಲ. ಕ್ರಿಯಾಪದ ನೋಡಿದರೆ ಗೊತ್ತಾಗುತ್ತದೆ. "ನೀನು" ಅಂದಾಗ ಸ್ ಸೇರುತ್ತದೆ, "ಅವರು" ಅಂದಾಗ ನ್ ಸೇರುತ್ತದೆ. ನಾಮಪದದ ಬಹುವಚನಕ್ಕೂ ಸ್. ಬಾಲ ಸೇರಿದ ಮಾತ್ರಕ್ಕೆ ಒತ್ತು ಜರುಗುವುದಿಲ್ಲ. ಆ ಎರಡು ಬಾಲ ಅಂಟಿದರೂ ಗೆರೆ ಹಾಕುವ ಕೆಲಸ ಬರದಿರಲಿ ಅಂತ ಲೆಕ್ಕದಿಂದ ಬಿಟ್ಟಿದ್ದಾರೆ.

ಪೇಡೆ_ಪ್ರಿಯ (ಧಾರವಾಡ)

ಬಿಸಿಬೇಳೆಯವರೇ, ಇದೆಲ್ಲ ಯಾಕ್ರೀ? ಒತ್ತು ಇರುವ ಕಡೆ ದೀರ್ಘ ಎಳೆದುಬಿಟ್ಟರೆ ಮುಗೀತು. ಪಾಗೊ, ಪಾಗೋ. ನಾನು ಹಾಗೇ ಮಾಡ್ತೀನಿ, ಎಲ್ಲರಿಗೂ ತಿಳಿಯುತ್ತದೆ.

ಬಿಸಿಬೇಳೆ

ಒ, ಎ, ಇ, ಉ ಸ್ವರಗಳಿಗೆ ಆ ಉಪಾಯ ನಡೆಯುತ್ತದೆ. ಒಪ್ಪುತ್ತೇನೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಅಂತ ಅರ್ಥ ಬದಲಾಗುವುದಿಲ್ಲ. ಒತ್ತಿದ ತುಂಡು ಸ್ವಲ್ಪ ಉದ್ದ, ಸ್ವಲ್ಪ ಜೋರು, ದನಿ ಸ್ವಲ್ಪ ಮೇಲೆ. ನಮ್ಮ ಕಿವಿ ಇದರಲ್ಲಿ ಉದ್ದವನ್ನು ಮಾತ್ರ ಹಿಡಿಯುತ್ತದೆ. ಬಲ-ಬಾಲ, ಕುಡಿ-ಕೂಡಿ ಅಂತ ಬೆಳೆದ ಕಿವಿ, ಪಾಪ, ಇನ್ನೇನು ಮಾಡೀತು.

ಆದರೆ ಆಕಾರ ಬಂತೋ, ಕೆಟ್ಟಿತು. ಯಾಕೆ ಹೇಳುತ್ತೇನೆ. ನಮ್ಮ ಅ ಮತ್ತು ಆ ಉದ್ದದಲ್ಲಿ ಮಾತ್ರ ಬೇರೆ ಅಲ್ಲ, ಬಾಯಿ ತೆರೆಯುವುದೂ ಬೇರೆ. ಸ್ಪ್ಯಾನಿಷ್ ಆಕಾರಕ್ಕೆ ಬಾಯಿ ನಮ್ಮ ಆ ಹಾಗೆ ತೆರೆಯುತ್ತದೆ, ಹೊತ್ತು ಮಾತ್ರ ನಮ್ಮ ಅ ದಷ್ಟು. ಅಂಥ ಸ್ವರ ಕನ್ನಡದಲ್ಲಿಲ್ಲ. ಹಾಗಾಗಿ ನಾವು ಎಲ್ಲ ಕಡೆಯೂ ಪೂರ್ತಿ ದೀರ್ಘ ಆ ಹೇಳಿಬಿಡುತ್ತೇವೆ.

ಈಗ ಈ ಜೋಡಿ ನೋಡಿ:

ಆ-[ಬ್ಲಾ]-ರಾ: ಅವನು ಮಾತಾಡಿದ್ದರೆ, ಮಾತಾಡಲಿ ಅಂತ.
ಆ-ಬ್ಲಾ-[ರಾ]: ಅವನು ಮಾತಾಡುತ್ತಾನೆ, ನಾಳೆ.

ಕನ್ನಡದವರ ಬಾಯಲ್ಲಿ ಎರಡೂ "ಆಬ್ಲಾರಾ". ಮೂರೂ ದೀರ್ಘ. ಕೇಳುವವನಿಗೆ ಮೂರೂ ಕಡೆ ಒತ್ತು ಇದ್ದ ಹಾಗೆ, ಅಥವಾ ಎಲ್ಲೂ ಇಲ್ಲದ ಹಾಗೆ. ಪೇಡೆಯವರೇ, ಈಗ ಎಲ್ಲಿ ಎಳೆಯುತ್ತೀರಿ?

ಪೇಡೆ_ಪ್ರಿಯ

ಹೌದಲ್ಲ! ಈಗ ಜೋರಾಗಿ ಹೇಳಿ ನೋಡಿದೆ. ಮನೆಯಾಕೆ ಒಳಗಿನಿಂದ "ಯಾರ ಜೊತೆ ಜಗಳ" ಅಂದಳು.

ಸಂಜೆ_ಶಿಫ್ಟು

ಅಯ್ಯೋ ಇದೇ ನನ್ನ ಕಷ್ಟ. ಟ್ರೈನರ್ ಯಾವಾಗಲೂ "ನೀವು ಮೆಷಿನ್ ತರಹ ಮಾತಾಡುತ್ತೀರಿ" ಅನ್ನುತ್ತಿದ್ದರು. ಯಾಕೆ ಅಂತ ಒಬ್ಬರೂ ಹೇಳಿರಲಿಲ್ಲ. ಹಾಗಾದರೆ ಗಿಡ್ಡ ಆ ಹೇಗೆ ಹೇಳುವುದು?

ಬಿಸಿಬೇಳೆ

ಡಾಕ್ಟರು ನಾಲಿಗೆ ಒತ್ತಿ ಹಿಡಿದು "ಆ ಅನ್ನಿ" ಅಂದಾಗ ಬರುವ ಆ ಅಲ್ಲ. ಬರಿಗಾಲಿಗೆ ಮುಳ್ಳು ಚುಚ್ಚಿದಾಗ ತಟ್ಟನೆ ಬರುತ್ತದಲ್ಲ, ಅದು. ಬಾಯಿ ಪೂರ್ತಿ ತೆರೆದು, ಅರ್ಧದಲ್ಲೇ ನಿಲ್ಲಿಸಬೇಕು. ಒತ್ತಿಲ್ಲದ ತುಂಡುಗಳನ್ನು ಮೊದಲು ಹೀಗೆ ಗಿಡ್ಡ ಮಾಡಿ. ಒತ್ತು ತಾನಾಗಿ ಎದ್ದು ಕಾಣುತ್ತದೆ.

ಗುರುಲಘು (ಶಿವಮೊಗ್ಗ)

ಚರ್ಚೆ ನೋಡಿ ಖುಷಿಯಾಯಿತು. ನಾನು ನಿವೃತ್ತ ಕನ್ನಡ ಮೇಷ್ಟ್ರು. ಮಗಳು ಮ್ಯಾಡ್ರಿಡ್‌ನಲ್ಲಿದ್ದಾಳೆ. ಮೊಮ್ಮಗಳು ನನ್ನ ಸ್ಪ್ಯಾನಿಷ್ ಕೇಳಿ ಬಿದ್ದು ಬಿದ್ದು ನಗುತ್ತಾಳೆ, ಹಾಗಾಗಿ ಹಟದಿಂದ ಕಲಿಯುತ್ತಿದ್ದೇನೆ.

ಬಿಸಿಬೇಳೆಯವರು ಒಂದು ಮಾತು ಬಿಟ್ಟರು ಅನಿಸುತ್ತದೆ. ಒತ್ತು ಎಲ್ಲಿ ಅನ್ನುವ ಮೊದಲು ತುಂಡು ಎಲ್ಲಿ ಅಂತ ಗೊತ್ತಾಗಬೇಕು. ಕೊನೆಯಿಂದ ಎರಡನೇ ತುಂಡು ಅಂದರೆ, ಎಣಿಸಲು ಬರಬೇಕಲ್ಲ. ಅಲ್ಲಿಯೇ ನಮ್ಮವರು ಜಾರುವುದು. ಯಾಕೆಂದರೆ ನಮ್ಮ ಲಿಪಿಯ ಅಕ್ಷರ ಬೇರೆ, ಬಾಯಿಯ ತುಂಡು ಬೇರೆ.

"ಕತ್ತರಿ" ತೆಗೆದುಕೊಳ್ಳಿ. ಬರೆಯುವಾಗ ಕ, ತ್ತ, ರಿ. ಹೇಳುವಾಗ ಕತ್, ತ, ರಿ. ಒತ್ತಕ್ಷರದ ಮೇಲಿನ ಅರ್ಧ ಹಿಂದಿನ ತುಂಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಅಲ್ಲವೇ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಶಾಲೆಯಲ್ಲಿ ಪ್ರಸ್ತಾರ ಹಾಕಿಸುತ್ತಿದ್ದದ್ದು.

ಅರ್ಕಾವತ್ತು ಇನ್ನೂ ಮೋಸ. ತೆರ್ಮಿನೊ ಅಂತ ಬರೆಯಿರಿ. ರ್ ಕಾಣುವುದು ಮಿ ಆದ ಮೇಲೆ. ಹೇಳುವುದು ತೆ ಜೊತೆಗೆ. ಬಾಯಲ್ಲಿ ತೆರ್-ಮಿ-ನೊ.

ಸ್ಪ್ಯಾನಿಷ್‌ನಲ್ಲೂ ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಸಾಮಾನ್ಯವಾಗಿ ನಡುವೆಯೇ ಕತ್ತರಿ: ಕಾನ್-ತಾರ್, ಪೆನ್-ಸಾರ್. ಇಲ್ಲಿಯವರೆಗೆ ನಮ್ಮ ಲೆಕ್ಕವೇ. ಆದರೆ ಎರಡನೆಯದು ರ ಅಥವಾ ಲ ಆಗಿದ್ದು, ಮೊದಲನೆಯದು ಪ, ಬ, ಕ, ಗ, ಫ ಇದ್ದರೆ ಎರಡೂ ಕೂಡಿಯೇ ಮುಂದಿನ ತುಂಡಿಗೆ ಹೋಗುತ್ತವೆ. ತ, ದ ಕೂಡ ರ ಜೊತೆ ಹಾಗೆಯೇ. ಆ-ಬ್ಲೊ, ಕೊಮ್-ಪ್ರೊ, ಎನ್-ತ್ರೊ. ನಾವು ಕನ್ನಡದ ಅಭ್ಯಾಸದಲ್ಲಿ ಆಬ್-ಲೊ ಅನ್ನುತ್ತೇವೆ. ಆಗ ಆಬ್ ಭಾರವಾಗುತ್ತದೆ, ಕೊನೆಗೆ ಹಾಕಬೇಕಾದ ಒತ್ತು ಸೊರಗುತ್ತದೆ.

ಹಳಗನ್ನಡ ಛಂದಸ್ಸಿನಲ್ಲಿ ಶಿಥಿಲದ್ವಿತ್ವ ಅಂತ ಒಂದಿದೆ. ಒತ್ತಕ್ಷರ ಇದ್ದರೂ ತೇಲಿಸಿ ಹೇಳುವುದು, ಹಿಂದಿನದು ಲಘುವಾಗಿಯೇ ಉಳಿಯುವುದು. ಅಲ್ಲಿ ಸಡಿಲವಾಗುವ ವ್ಯಂಜನಗಳೇ ಬೇರೆ. ಆದರೆ "ಆ-ಬ್ಲೊ" ಹೇಳುವಾಗ ನಾನು ಆ ತೇಲಿಕೆಯನ್ನೇ ನೆನೆಸಿಕೊಳ್ಳುತ್ತೇನೆ.

ಕಾಫಿ_ಬೀಜ

ಮೇಷ್ಟ್ರೇ, ಒಂದು ನಿಮಿಷ. ನಾನು ಇಷ್ಟು ಹೊತ್ತೂ "ಒತ್ತು" ಅಂದರೆ ಒತ್ತಕ್ಷರ ಅಂತಲೇ ಓದುತ್ತಿದ್ದೆ. ಪಾಗೊ ಪದದಲ್ಲಿ ಒತ್ತೇ ಇಲ್ಲವಲ್ಲ, ಎಲ್ಲರೂ ಯಾಕೆ ತಲೆ ಕೆಡಿಸಿಕೊಂಡಿದ್ದಾರೆ ಅಂತ.

ಗುರುಲಘು

ತಪ್ಪು ನಿನ್ನದಲ್ಲ ಮರಿ. ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದೇವೆ. ಕನ್ನಡದಲ್ಲಿ ಒತ್ತಿ ಹೇಳಿದ್ದರಿಂದ ಪದದ ಅರ್ಥ ಬದಲಾಗುವುದಿಲ್ಲ. "ನಾನು ಬರ್ತೀನಿ" ಅನ್ನುವಾಗ ನಾನು ಒತ್ತಿದರೂ, ಬರ್ತೀನಿ ಒತ್ತಿದರೂ ಬರುವುದಂತೂ ಬರುವುದೇ. ಹಾಗಾಗಿ ಬೇರೆ ಹೆಸರಿನ ಅವಸರ ಬೀಳಲಿಲ್ಲ.

ಸಂಜೆ_ಶಿಫ್ಟು

ಮೇಷ್ಟ್ರು ಹೇಳಿದ ತೆರ್ಮಿನೊ ಪದ ನನ್ನ ಕೆಲಸದಲ್ಲಿ ದಿನಾ ಬರುತ್ತದೆ. ಅದರಲ್ಲಿ ಮೂರು ಇದೆ ಅಂತ ಯಾರೋ ಹೇಳಿದ್ದರು.

ಬಿಸಿಬೇಳೆ

ಇದೆ. ಎಲ್ಲರೂ ಹೇಳುವ ಪ್ರಸಿದ್ಧ ಉದಾಹರಣೆ:

[ತೆರ್]-ಮಿ-ನೊ: ಕೊನೆ, ಗಡುವು. ನಾಮಪದ. ಕೊನೆಯಿಂದ ಮೂರನೇ ತುಂಡಿಗೆ ಒತ್ತು, ಗೆರೆ ಕಡ್ಡಾಯ.
ತೆರ್-[ಮಿ]-ನೊ: ಮುಗಿಸುತ್ತೇನೆ. ಗೆರೆ ಬೇಡ.
ತೆರ್-ಮಿ-[ನೊ]: ಮುಗಿಸಿದ, ಮುಗಿಯಿತು. ಗೆರೆ.

ಹೀಗೆಯೇ [ಪು]-ಬ್ಲಿ-ಕೊ ಸಾರ್ವಜನಿಕ, ಪು-[ಬ್ಲಿ]-ಕೊ ಪ್ರಕಟಿಸುತ್ತೇನೆ, ಪು-ಬ್ಲಿ-[ಕೊ] ಪ್ರಕಟಿಸಿದ. ನಿಮ್ಮ ಕೆಲಸಕ್ಕೆ ಬೇಕಾದದ್ದು ದೆ-[ಪೊ]-ಸಿ-ತೊ ಡಿಪಾಸಿಟ್, ದೆ-ಪೊ-[ಸಿ]-ತೊ ಹಣ ತುಂಬುತ್ತೇನೆ, ದೆ-ಪೊ-ಸಿ-[ತೊ] ತುಂಬಿದ. ಇದರಲ್ಲಿ ಎಡವಿದರೆ ಮತ್ತೆ ಅಜ್ಜ "ನೀವೇ ತುಂಬಿ" ಅಂದಾರು.

ಕೊನೆಯಿಂದ ಮೂರನೆಯದಕ್ಕೆ ಒತ್ತು ಇರುವ ಪದಗಳಿಗೆ ಎಸ್ದ್ರುಹುಲಾ ಅಂತ ಹೆಸರು. ಆ ಹೆಸರಿನಲ್ಲೂ ಒತ್ತು ಕೊನೆಯಿಂದ ಮೂರನೆಯದಕ್ಕೇ, ಎಸ್-[ದ್ರು]-ಹು-ಲಾ. ಇಟ್ಟವನಿಗೆ ಒಂದು ನಮಸ್ಕಾರ.

ಆದರೆ ಭೂತಕಾಲ ಅಂದ ಕೂಡಲೇ ಕೊನೆ ಒತ್ತಬೇಡಿ. ದಿನಾ ಬಳಸುವ ಒಂದು ಗುಂಪು ಉಲ್ಟಾ ಇದೆ. [ದಿ]-ಹೊ ಹೇಳಿದ, [ಇ]-ಸೊ ಮಾಡಿದ, [ತು]-ಬೊ ಅವನ ಬಳಿ ಇತ್ತು, [ಪು]-ಸೊ ಇಟ್ಟ, [ಬಿ]-ನೊ ಬಂದ. ಗೆರೆಯೂ ಇಲ್ಲ, ಕೊನೆಗೆ ಒತ್ತೂ ಇಲ್ಲ. ಬಿನೊ ಅಂದರೆ ವೈನ್ ಕೂಡ ಹೌದು. "ಬಿನೊ ಎಲ್ ಬಿನೊ", ವೈನ್ ಬಂತು.

ದಕ್ಷಿಣದ_ದಾರಿ (ಬ್ಯೂನಸ್ ಐರಿಸ್, ಅರ್ಜೆಂಟೀನಾ)

ಬಿಸಿಬೇಳೆಯವರು "ನೀನು" ರೂಪ ಹೇಳುವಾಗ ನಮ್ಮ ಊರನ್ನು ಮರೆತರು! ಇಲ್ಲಿ ನೀನು ಅನ್ನಲು ತು ಅನ್ನುವುದಿಲ್ಲ, ಬೊಸ್ ಅನ್ನುತ್ತಾರೆ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಮಧ್ಯ ಅಮೆರಿಕದ ಬಹಳಷ್ಟು ಕಡೆ ಹೀಗೇ. ಒತ್ತು ಕೊನೆಗೆ ಹೋಗುತ್ತದೆ. ಅಲ್ಲಿ [ಆ]-ಬ್ಲಾಸ್, ಇಲ್ಲಿ ಆ-[ಬ್ಲಾಸ್]. ಅಲ್ಲಿ [ಪ್ವೆ]-ದೆಸ್, ಇಲ್ಲಿ ಪೊ-[ದೆಸ್].

ಕೊನೆಯ ಜೋಡಿ ಗಮನಿಸಿದಿರಾ? ಒತ್ತು ಜರುಗಿದ ಕೂಡಲೇ ಪ್ವೆ ಹೋಗಿ ಪೊ ಆಯಿತು.

ಕಾಫಿ_ಬೀಜ

ಪೊ, ಪ್ವೆ ಇದೇ ನನಗೆ ತಲೆನೋವು. ಬದಲಾಗುವ ಕ್ರಿಯಾಪದ ಅಂತ ಪುಸ್ತಕದಲ್ಲಿ ಬೂಟಿನ ಚಿತ್ರ ಬರೆದಿದ್ದಾರೆ. ಬೂಟಿನ ಒಳಗೆ ನಾಲ್ಕು ರೂಪ, ಹೊರಗೆ ಎರಡು. ಬೂಟು ಯಾಕೆ ಅಂತ ಮಾತ್ರ ಹೇಳಿಲ್ಲ.

ದಕ್ಷಿಣದ_ದಾರಿ

ಬೂಟು ಮರೆತುಬಿಡಿ. ಒತ್ತು ನೋಡಿ.

[ಪ್ವೆ]-ದೊ, [ಪ್ವೆ]-ದೆಸ್, [ಪ್ವೆ]-ದೆ, [ಪ್ವೆ]-ದೆನ್. ನಾಲ್ಕರಲ್ಲೂ ಒತ್ತು ಧಾತುವಿನ ಮೇಲೆ.
ಪೊ-[ದೆ]-ಮೊಸ್. ನಾವು ಅಂದಾಗ ಬಾಲ ಎರಡು ತುಂಡಾಯಿತು. ಕೊನೆಯಿಂದ ಎರಡನೆಯದು ಈಗ ದೆ. ಧಾತುವಿಗೆ ಒತ್ತು ತಪ್ಪಿತು, ಅದು ಹಳೆಯ ಪೊ ಆಗಿಯೇ ಉಳಿಯಿತು. ಸ್ಪೇನಿನವರ "ನೀವೆಲ್ಲ" ರೂಪ ಪೊ-[ದೆಇಸ್]. ಅದೂ ಹಾಗೆಯೇ.

ಲ್ಯಾಟಿನ್‌ನ ಹ್ರಸ್ವ ಒ, ಎ ಗಳು ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಒಡೆದು ಉಎ, ಇಎ ಆದವು. ಒತ್ತು ಬೀಳದ ಕಡೆ ಹಾಗೇ ಉಳಿದವು. [ಪ್ಯೆನ್]-ಸೊ, ಪೆನ್-[ಸಾ]-ಮೊಸ್. [ದ್ವೆರ್]-ಮೊ, ದೊರ್-[ಮಿ]-ಮೊಸ್. ಬೂಟು ಬೇರೇನೂ ಅಲ್ಲ, ಒತ್ತು ಹೋದ ದಾರಿ. ಬೊಸ್ ರೂಪಗಳಿಗೆ ಈ ಬದಲಾವಣೆಯೇ ಇಲ್ಲ, ಒತ್ತು ಸದಾ ಕೊನೆಗೆ. ಕಲಿಯುವವರಿಗೆ ಬೊಸ್ ಸುಲಭ, ನಾನು ಪಕ್ಷಪಾತಿ ಅಂದುಕೊಂಡರೂ ಪರವಾಗಿಲ್ಲ.

ಗುರುಲಘು

ಲ್ಯಾಟಿನ್ ಬಂತಲ್ಲ, ಒಂದು ಮಾತು ಸೇರಿಸದೆ ಇರಲಾರೆ. ಲ್ಯಾಟಿನ್‌ನಲ್ಲಿ ಒತ್ತು ಬೀಳುತ್ತಿದ್ದದ್ದು ಗುರು-ಲಘು ನೋಡಿ! ಕೊನೆಯಿಂದ ಎರಡನೇ ತುಂಡು ಗುರುವಾದರೆ ಒತ್ತು ಅದಕ್ಕೇ. ಲಘುವಾದರೆ ಅದರ ಹಿಂದಿನದಕ್ಕೆ. ನಮ್ಮ ಪ್ರಸ್ತಾರ ಬಲ್ಲವನಿಗೆ ಲ್ಯಾಟಿನ್ ಒತ್ತು ನೀರು ಕುಡಿದಷ್ಟು ಸುಲಭ. ಸ್ಪ್ಯಾನಿಷ್ ಆಗುವ ಹೊತ್ತಿಗೆ ಹ್ರಸ್ವ-ದೀರ್ಘ ಅಳಿಸಿಹೋಯಿತು, ಒತ್ತು ಮಾತ್ರ ಇದ್ದ ಜಾಗದಲ್ಲೇ ಉಳಿಯಿತು. ಮನೆ ಬಿದ್ದರೂ ಹೊಸ್ತಿಲು ಉಳಿದ ಹಾಗೆ.

ಬಿಸಿಬೇಳೆ

ಮೇಷ್ಟ್ರೇ, ಬಹುಪಾಲು ಉಳಿಯಿತು, ಎಲ್ಲ ಕಡೆ ಅಲ್ಲ. "ನಾವು ಹಾಡುತ್ತಿದ್ದೆವು" ಅನ್ನುವುದಕ್ಕೆ ಲ್ಯಾಟಿನ್ ರೂಪ ಕಾಂತಾಬಾಮುಸ್. ಬಾ ದೀರ್ಘ. ನಿಮ್ಮ ಲೆಕ್ಕದಲ್ಲಿ ಒತ್ತು ಬಾ ಮೇಲೆ. ಸ್ಪ್ಯಾನಿಷ್‌ನಲ್ಲಿ ಕಾನ್-[ತಾ]-ಬಾ-ಮೊಸ್. ಒಂದು ಹೆಜ್ಜೆ ಹಿಂದೆ ಬಂದಿದೆ. ಯಾಕೆಂದರೆ ನಾನು, ನೀನು, ಅವನು, ಅವರು ಅನ್ನುವ ನಾಲ್ಕು ರೂಪಗಳು ಕಾನ್-[ತಾ]-ಬಾ, ಕಾನ್-[ತಾ]-ಬಾಸ್, ಕಾನ್-[ತಾ]-ಬಾನ್. ನಾಲ್ಕು ಜನ ಒಂದು ಕಡೆ ನಿಂತರೆ ಉಳಿದಿಬ್ಬರೂ ಅಲ್ಲಿಗೇ ಬರುತ್ತಾರೆ.

ಇದೇ ಎಳೆತ ಇವತ್ತಿಗೂ ನಡೆಯುತ್ತಿದೆ. "ಹೋಗೋಣ" ಅನ್ನುವ ಅರ್ಥದ ಸರಿಯಾದ ರೂಪ ಬಾ-[ಯಾ]-ಮೊಸ್. ಹಳ್ಳಿಗಾಡಿನ ಜನ ಎಷ್ಟೋ ಕಡೆ [ಬಾ]-ಯಾ-ಮೊಸ್ ಅನ್ನುತ್ತಾರೆ. ಉಳಿದ ರೂಪಗಳು [ಬಾ]-ಯಾ, [ಬಾ]-ಯಾಸ್ ಅಲ್ವಾ, ಅದರ ಜೊತೆ ಸಾಲು ಹಿಡಿಯುತ್ತದೆ. ಓದಿದವರು ಮೂಗು ಮುರಿಯುತ್ತಾರೆ. ಕಾನ್ತಾಬಾಮೊಸ್ ಹೀಗೇ ಹುಟ್ಟಿದ್ದು ಅಂತ ಅವರಿಗೆ ನೆನಪಿರುವುದಿಲ್ಲ.

ಸಂಜೆ_ಶಿಫ್ಟು

ತುಂಬಾ ಧನ್ಯವಾದ ಎಲ್ಲರಿಗೂ. ಇನ್ನೊಂದು ಗೊಂದಲ ಇದೆ. "ಬದಲಾಯಿಸುತ್ತೇನೆ" ಮತ್ತು "ಕಳಿಸುತ್ತೇನೆ". ಎರಡೂ ಬರವಣಿಗೆಯಲ್ಲಿ ಇ-ಒ ಅಂತ ಮುಗಿಯುತ್ತವೆ. ಕಾಂಬಿಯೊ, ಎಂಬಿಯೊ ಅಂತ ಒಂದೇ ರಾಗದಲ್ಲಿ ಹೇಳಿದೆ. ಎರಡನೆಯದು ತಪ್ಪಂತೆ, ಅಥವಾ ಮೊದಲನೆಯದು. ಯಾವುದು ಅಂತಲೂ ಮರೆತೆ.

ಬಿಸಿಬೇಳೆ

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಜಾಗ ಬೇಕು.

ಸ್ಪ್ಯಾನಿಷ್‌ನಲ್ಲಿ ಇ, ಉ ಮೆತ್ತನೆ ಸ್ವರ. ಆ, ಎ, ಒ ಗಟ್ಟಿ ಸ್ವರ. ಗಟ್ಟಿಯ ಪಕ್ಕ ಮೆತ್ತನೆಯದು ಬಂದು, ಮೆತ್ತನೆಯದಕ್ಕೆ ಒತ್ತು ಇಲ್ಲದಿದ್ದರೆ, ಎರಡೂ ಒಂದೇ ತುಂಡು. ಮೆತ್ತನೆಯದಕ್ಕೇ ಒತ್ತು ಬಿದ್ದರೆ ಎರಡು ತುಂಡು, ಮೇಲೆ ಗೆರೆ.

[ಕಾಮ್]-ಬ್ಯೊ: ಬದಲಾಯಿಸುತ್ತೇನೆ. ಎರಡೇ ತುಂಡು. ಇ ಕರಗಿದೆ.
ಎಮ್-[ಬಿ]-ಒ: ಕಳಿಸುತ್ತೇನೆ. ಮೂರು ತುಂಡು. ಇ ನಿಂತಿದೆ, ಮೇಲೆ ಗೆರೆ.

ಮೂಲ ರೂಪದಲ್ಲಿ ಎರಡೂ ಒಂದೇ ಥರ: ಕಾಮ್-[ಬ್ಯಾರ್], ಎಮ್-[ಬ್ಯಾರ್]. "ನಾವು" ರೂಪದಲ್ಲೂ ಒಂದೇ: ಕಾಮ್-[ಬ್ಯಾ]-ಮೊಸ್, ಎಮ್-[ಬ್ಯಾ]-ಮೊಸ್. ಒತ್ತು ಧಾತುವಿಗೆ ಬರುವ ರೂಪಗಳಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಎಸ್-[ತು]-ದ್ಯೊ ಓದುತ್ತೇನೆ, [ಲಿಮ್]-ಪ್ಯೊ ಸ್ವಚ್ಛ ಮಾಡುತ್ತೇನೆ, [ಕೊ]-ಪ್ಯೊ ನಕಲು ಮಾಡುತ್ತೇನೆ, ಇವು ಕಾಂಬ್ಯೊ ಪಂಗಡ. ಕೊನ್-[ಫಿ]-ಒ ನಂಬುತ್ತೇನೆ, ಬಾ-[ರಿ]-ಒ ಬೇರೆ ಬೇರೆ ಮಾಡುತ್ತೇನೆ, ಇವು ಎಂಬಿಒ ಪಂಗಡ. ಯಾವುದು ಯಾವ ಪಂಗಡ ಅಂತ ಮೂಲ ರೂಪ ನೋಡಿ ಹೇಳಲು ಬರುವುದಿಲ್ಲ. ಇಲ್ಲಿ ಉರು ಹೊಡೆಯಲೇಬೇಕು, ಕ್ಷಮಿಸಿ.

ಪೇಡೆ_ಪ್ರಿಯ

ಇದು ನಮ್ಮ ಸಂಧಿಯ ಹಾಗೇ ಕೇಳಿಸುತ್ತದಲ್ರೀ! ಯಕಾರಾಗಮ ಸಂಧಿ.

ಗುರುಲಘು

ಅರ್ಧ ಸರಿ. ಸ್ವಲ್ಪ ಬಿಡಿಸಿ ನೋಡೋಣ. "ಅತಿ" ಮತ್ತು "ಅಂತ" ಸೇರಿ "ಅತ್ಯಂತ" ಆಗುತ್ತದೆ. ಅಲ್ಲಿ ಇಕಾರವೇ ಯ ಆಗಿ ಕರಗಿತು. ಅದು ಯಣ್ ಸಂಧಿ. [ಕಾಮ್]-ಬ್ಯೊ ಅದರ ಹಾಗೆ. "ಮನೆ" ಮತ್ತು "ಅನ್ನು" ಸೇರಿ "ಮನೆಯನ್ನು" ಆದಾಗ ಎಕಾರ ಹಾಗೇ ಇದೆ, ನಡುವೆ ಯ ಹೊಸದಾಗಿ ಬಂದು ಕೂತಿತು. ಅದು ಆಗಮ. ಎಮ್-[ಬಿ]-ಒ ಪದವನ್ನು ನಮ್ಮ ಬಾಯಿ "ಎಂಬಿಯೊ" ಅನ್ನುವುದು ಈ ಆಗಮದ ಚಾಳಿಯಿಂದ. ಸ್ಪ್ಯಾನಿಷರು ಯ ಸೇರಿಸುವುದಿಲ್ಲ, ಆದರೆ ಇ ಪೂರ್ತಿ ಉಳಿದಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಂಜೆ ಶಿಫ್ಟಿನ ಮಗಳೇ, ನಿನ್ನ ಪಟ್ಟಿಯಲ್ಲಿ ಒಂದು ಸಾಲಿಗೆ "ಯಣ್", ಇನ್ನೊಂದಕ್ಕೆ "ಆಗಮ" ಅಂತ ಶೀರ್ಷಿಕೆ ಬರಿ. ಕಾಂಬ್ಯೊ ಯಣ್. ಎಂಬಿಒ ಆಗಮ.

ಓದುವುದು ಅನ್ನುವ ಕ್ರಿಯಾಪದದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಲೆ-[ಇ], ನಾನು ಓದಿದೆ. ಇ ನಿಂತಿದೆ. ಲೆ-[ಯೊ], ಅವನು ಓದಿದ. ಬಾಲ "ಇಒ" ಇರಬೇಕಿತ್ತು, ಎರಡು ಸ್ವರಗಳ ನಡುವೆ ಸಿಕ್ಕಿದ ಇ, ಯ ಆಗಿಬಿಟ್ಟಿತು. ಬರವಣಿಗೆಯಲ್ಲೂ ಅಕ್ಷರ ಬದಲಾಗುತ್ತದೆ. ಶುದ್ಧ ಯಣ್!

ಸಂಜೆ_ಶಿಫ್ಟು

ಮೇಷ್ಟ್ರೇ, ಹತ್ತನೇ ಕ್ಲಾಸಿನಲ್ಲಿ ಸಂಧಿ ಯಾಕೆ ಕಲಿಯಬೇಕು ಅಂತ ಟೀಚರ್ ಹತ್ತಿರ ವಾದ ಮಾಡಿದ್ದೆ. ಈಗ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಲಾ?

ದಕ್ಷಿಣದ_ದಾರಿ

ಉಕಾರಕ್ಕೂ ಇದೇ ಕಥೆ. ಇಲ್ಲಿ ಮಾತ್ರ ದೇವರು ಸ್ವಲ್ಪ ಕರುಣೆ ತೋರಿಸಿದ್ದಾನೆ. ಉಕಾರದ ಹಿಂದೆ ಗ ಅಥವಾ ಕ ಇದ್ದರೆ ಸಾಮಾನ್ಯವಾಗಿ ಕರಗುತ್ತದೆ: ಆ-ಬೆ-[ರಿ]-ಗ್ವೊ, ವಿಚಾರಿಸುತ್ತೇನೆ. ಬೇರೆ ವ್ಯಂಜನ ಇದ್ದರೆ ನಿಲ್ಲುತ್ತದೆ: ಆಕ್-[ತು]-ಒ, ಕೊನ್-ತಿ-[ನು]-ಒ. ಕಪಕ್ಷದ ಕೆಲವಕ್ಕೆ ಎರಡು ರೂಪವೂ ನಡೆಯುತ್ತದೆ, ಆ ತಕರಾರು ಈಗ ಬೇಡ.

ಕೊನ್ತಿನುಒ ಪದದಲ್ಲೂ ಮೂರಿದೆ. ಕೊನ್-[ತಿ]-ನ್ವೊ ಅಂದರೆ ಬಿಡದೆ ನಡೆಯುವಂಥದ್ದು. ಕೊನ್-ತಿ-[ನು]-ಒ ಮುಂದುವರಿಸುತ್ತೇನೆ. ಕೊನ್-ತಿ-[ನ್ವೊ] ಮುಂದುವರಿಸಿದ. ಒಂದರಲ್ಲಿ ತುಂಡು ಮೂರು, ಇನ್ನೊಂದರಲ್ಲಿ ನಾಲ್ಕು, ಮತ್ತೆ ಮೂರು. ತೆರ್ಮಿನೊಗಿಂತ ಇದು ನನಗೆ ಇಷ್ಟ. ಇಲ್ಲಿ ಒತ್ತು ಜರುಗಿದರೆ ತುಂಡಿನ ಎಣಿಕೆಯೇ ಬದಲಾಗುತ್ತದೆ.

ಕಾಫಿ_ಬೀಜ

ನಡುವೆ ಎಚ್ ಬಂದರೆ ಎರಡು ತುಂಡು ತಾನೆ? ನಿಷೇಧಿಸುತ್ತೇನೆ ಅನ್ನುವುದರಲ್ಲಿ ಒ ಮತ್ತು ಇ ನಡುವೆ ಎಚ್ ಇದೆಯಲ್ಲ.

ಬಿಸಿಬೇಳೆ

ಎಚ್‌ಗೆ ದನಿಯೇ ಇಲ್ಲ, ಅದು ಗೋಡೆ ಆಗುವುದಿಲ್ಲ. ಇ ಮೇಲೆ ಒತ್ತು ಇರುವುದರಿಂದ ಪ್ರೊ-[ಇ]-ಬೊ ಮೂರು ತುಂಡು, ಗೆರೆಯೂ ಬೇಕು. ಎಚ್ ಇರಲಿ, ಬಿಡಲಿ. ರೆ-[ಉ]-ನೊ, ಸೇರಿಸುತ್ತೇನೆ, ಅದರಲ್ಲಿ ಎಚ್ ಇಲ್ಲ, ಆದರೂ ಹೀಗೇ.

ಹಳೆಯ ಪುಸ್ತಕ ಓದುವವರಿಗೆ ಒಂದು ಎಚ್ಚರಿಕೆ. ಫ್ವೆ, ಫ್ವಿ, ದ್ಯೊ, ಬ್ಯೊ (ಹೋದ, ಹೋದೆ, ಕೊಟ್ಟ, ನೋಡಿದ) ಇವುಗಳ ಮೇಲೆ ಹಳೆಯ ಮುದ್ರಣದಲ್ಲಿ ಗೆರೆ ಕಾಣುತ್ತದೆ. ಸ್ಪ್ಯಾನಿಷ್ ಭಾಷೆಯ ಅಕಾಡೆಮಿ 1952ರಲ್ಲಿ ಹೊಸ ನಿಯಮ ತಂದಿತು, 1959ರಿಂದ ಅದು ಜಾರಿಯಾಯಿತು, ಗೆರೆ ಹೋಯಿತು. ಒಂದೇ ತುಂಡಿನ ಪದದಲ್ಲಿ ಒತ್ತು ಇನ್ನೆಲ್ಲಿಗೆ ಹೋದೀತು? ಆದರೂ ಇಲ್ಲಿನ ಹಿರಿಯರು ಕೆಲವರು ಇನ್ನೂ ಹಾಕುತ್ತಾರೆ.

2010ರ ನಿಯಮ ನನಗೆ ಅಷ್ಟು ಹಿಡಿಸಲಿಲ್ಲ. "ನಕ್ಕ" ಅನ್ನುವುದನ್ನು ಸ್ಪೇನಿನ ಬಹಳ ಜನ ರಿ-[ಒ] ಅಂತ ಎರಡು ತುಂಡು ಮಾಡಿ ಹೇಳುತ್ತಾರೆ. ಮೆಕ್ಸಿಕೋದಲ್ಲಿ ಹೆಚ್ಚಾಗಿ ರ್ಯೊ, ಒಂದೇ ತುಂಡು. 1999ರ ನಿಯಮದಲ್ಲಿ ಎರಡೂ ನಡೆಯುತ್ತಿತ್ತು: ನಿಮ್ಮ ಬಾಯಿಗೆ ಎರಡು ತುಂಡಾದರೆ ಗೆರೆ ಹಾಕಿ ಅಂತ. 2010ರಲ್ಲಿ, ಬರವಣಿಗೆಗೆ ಇದು ಒಂದೇ ತುಂಡು, ಗೆರೆ ಬೇಡ ಅಂದರು. ನನ್ನ ಪಕ್ಕದ ಮನೆಯವರು ಎರಡು ತುಂಡಾಗಿ ಹೇಳಿ ಒಂದು ತುಂಡಾಗಿ ಬರೆಯುತ್ತಾರೆ, ಬರೆದಾಗೆಲ್ಲ ಗೊಣಗುತ್ತಾರೆ.

ದಕ್ಷಿಣದ_ದಾರಿ

ಬಾಲಕ್ಕೆ ಸರ್ವನಾಮ ಅಂಟಿದಾಗ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಒತ್ತು ಇದ್ದ ಜಾಗದಲ್ಲೇ ಇರುತ್ತದೆ. ತುಂಡುಗಳು ಕೊನೆಗೆ ಸೇರುವುದರಿಂದ ಗೆರೆ ಬರುತ್ತದೆ ಅಥವಾ ಹೋಗುತ್ತದೆ. [ದಿ]-ಮೆ, ನನಗೆ ಹೇಳು, ಗೆರೆ ಬೇಡ. [ದಿ]-ಮೆ-ಲೊ, ಅದನ್ನು ನನಗೆ ಹೇಳು, ಗೆರೆ ಬೇಕು.

ನಮ್ಮಲ್ಲಿ ಉಲ್ಟಾ. ದೆ-[ಸಿ] ಅಂದರೆ ಹೇಳು, ಗೆರೆ ಇದೆ. ದೆ-[ಸಿ]-ಮೆ ಅಂದ ಕೂಡಲೇ ಗೆರೆ ಮಾಯ. ಒತ್ತು ಒಂದು ಕೂದಲೂ ಅಲ್ಲಾಡಿಲ್ಲ. "ಬಾಯಿ ಮುಚ್ಚು" ಅನ್ನಲು ಮೆಕ್ಸಿಕೋದಲ್ಲಿ [ಕಾ]-ಯಾ-ತೆ. ಇಲ್ಲಿ ಕಾ-[ಶಾ]-ತೆ. ಯ ಜಾಗದಲ್ಲಿ ಶ ಬೇರೆ. ಮೊದಲ ವಾರ ಬಸ್ಸಿನಲ್ಲಿ ಒಬ್ಬ ತಾಯಿ ಮಗುವಿಗೆ ಗದರಿಸಿದ್ದು ನನಗೆ ಯಾವುದೋ ತಿಂಡಿಯ ಹೆಸರಿನ ಹಾಗೆ ಕೇಳಿಸಿತ್ತು.

ಪೇಡೆ_ಪ್ರಿಯ

ಒಂದು ಕೊನೆಯ ತಕರಾರು. "ಇದ್ದಾನೆ" ಅನ್ನಲು ಎಸ್-[ತಾ]. ವರ್ತಮಾನ ಕಾಲದಲ್ಲಿ ಒತ್ತು ಧಾತುವಿಗೆ ಅಂದಿರಿ. ಹಾಗಾದರೆ [ಎಸ್]-ತಾ ಆಗಬೇಕಿತ್ತಲ್ಲ? ಎಸ್-[ತೊಇ], ಎಸ್-[ತಾಸ್], ಎಸ್-[ತಾನ್], ಎಲ್ಲ ಕೊನೆಗೇ ಯಾಕ್ರೀ?

ಗುರುಲಘು

ಪೇಡೆಯವರೇ, ನಿಮ್ಮ ಅಜ್ಜಿ ಸ್ಕೂಲಿಗೆ ಏನನ್ನುತ್ತಿದ್ದರು?

ಪೇಡೆ_ಪ್ರಿಯ

ಇಸ್ಕೂಲು.

ಗುರುಲಘು

ಸ್ಟೇಷನ್ನಿಗೆ?

ಪೇಡೆ_ಪ್ರಿಯ

ಇಸ್ಟೇಶನ್ನು. ಓಹೋ.

ಗುರುಲಘು

ಅಷ್ಟೇ. ಲ್ಯಾಟಿನ್‌ನಲ್ಲಿ ಈ ಕ್ರಿಯಾಪದ ಸ್ತಾರೆ, ಅಂದರೆ ನಿಲ್ಲುವುದು. ಸ್ ಜೊತೆ ವ್ಯಂಜನ ಸೇರಿ ಪದ ಶುರುವಾದರೆ ಸ್ಪ್ಯಾನಿಷರ ಬಾಯಿಗೂ ಆಗುವುದಿಲ್ಲ. ಅಜ್ಜಿ ಇ ಹಾಕಿದರು, ಅವರು ಎ ಹಾಕಿದರು. ಅವರ ಶಾಲೆಯೂ ಎಸ್-[ಕ್ವೆ]-ಲಾ. ಆ ಎ ಮೆಟ್ಟಿಲು ಮಾತ್ರ, ಮನೆ ಅಲ್ಲ. ಧಾತು ಇರುವುದು ತಾ ದಲ್ಲಿ. ಒತ್ತೂ ಅಲ್ಲೇ. ಹಾಗೆ ನೋಡಿದರೆ ಇದು ನಿಯಮ ಮುರಿದೇ ಇಲ್ಲ.

ಬಿಸಿಬೇಳೆ

ಮೇಷ್ಟ್ರೇ, ಇದನ್ನು ನಾಳೆ ಆಫೀಸಿನಲ್ಲಿ ಸ್ಪ್ಯಾನಿಷರಿಗೇ ಹೇಳುತ್ತೇನೆ. ಇಸ್ಕೂಲು ಸಮೇತ.

ಸಂಜೆ_ಶಿಫ್ಟು

ನಿನ್ನೆ ರಾತ್ರಿಯ ವರದಿ. ಹನ್ನೊಂದು ಕರೆ. ಪ್ರತಿ ಕರೆಗೂ ಮೊದಲು ಮೇಜಿನ ಮೇಲೆ ಬೆರಳಿನಿಂದ ತಟ್ಟಿಕೊಂಡೆ: ಮೊದಲದು ಮೆಲ್ಲಗೆ, ಎರಡನೆಯದು ಜೋರು. ಪಾ-[ಗೊ]. ಪಕ್ಕದವಳು ತಾಳ ಹಾಕುತ್ತೀಯಾ ಅಂದಳು.

ಏಳನೇ ಕರೆಯಲ್ಲಿ ಒಬ್ಬರು ಹೆಂಗಸು. "ಯಾ ಪಾ-[ಗೊ]?" ಅಂದೆ, ಕಟ್ಟಿಯಾಯಿತಾ ಅಂತ. ನಗಲಿಲ್ಲ! ತಟ್ಟನೆ "ಸಿ, ಯಾ ಪಾ-[ಗೆ]" ಅಂದರು. ಹೌದು, ಕಟ್ಟಿದೆ.

ಆಗ ಹೊಳೆಯಿತು. ಆ ಅಜ್ಜ ಅವತ್ತು ಹೇಳಿದ್ದು [ಪಾ]-ಗೆ, ನೀವು ಕಟ್ಟಿ. ಇವರು ಹೇಳಿದ್ದು ಪಾ-[ಗೆ], ನಾನು ಕಟ್ಟಿದೆ. ಅಜ್ಜ ನನ್ನ ತಪ್ಪನ್ನು ಅದೇ ಧಾಟಿಯಲ್ಲಿ ತಿರುಗಿಸಿ ಕೊಟ್ಟಿದ್ದರು, ನಾನು ಅದನ್ನೂ ಹಿಡಿದಿರಲಿಲ್ಲ.

ಕಾಫಿ_ಬೀಜ

ಹಾಗಾದರೆ ಅಜ್ಜನ ಬಿಲ್ ಕೊನೆಗೂ ಯಾರು ಪಾ-[ಗೊ]?

ಸಂಜೆ_ಶಿಫ್ಟು

ಇನ್ನೂ ಬಾಕಿ ತೋರಿಸುತ್ತಿದೆ.